ನೆರೆಗೆ ಮೊದಲೇ ಕರಿಯನಿಗೊಂದು ಜಾಗ

ಕಾಸರಗೋಡು ಪೇಟೆ ಹತ್ತಿರ ಬಾಡಿಗೆ ಮನೆಯಲ್ಲಿರುವ ನನ್ನ ನಾದಿನಿ ಹೊಸತಾಗಿ ಒಂದು ಲ್ಯಾಬ್ರಡಾರ್ ಮರಿ ತಂದಿದ್ದಾಳೆ. ಕೆಳಗಿನ ಅಂತಸ್ತಿನ ಮನೆ. ಜೋರು ಮಳೆ ಹೊಡೆದರೆ ಎದುರಿನ ರಸ್ತೆಯಲ್ಲೇ ಮೊಣಕಾಲಿನವರೆಗೆ ನೀರು. ಮೊನ್ನೆ ಫೋನ್ ಮಾಡಿ ಕೇಳಿದಳು: "ಅತ್ತಿಗೆ, ನೀವು ಹೊಳೆ ಬದಿಯಲ್ಲಿ ಇರುವವರು. ನೆರೆ ಬಂದರೆ ನಾಯಿಗೆ ಅಂತ ಏನೆಲ್ಲ ತೆಗೆದಿಡಬೇಕು? ಒಂದು ಲಿಸ್ಟ್ ಕೊಡಿ."

ಲಿಸ್ಟ್ ಆಮೇಲೆ ಕೊಡುತ್ತೇನೆ, ಮೊದಲು ಇದು ಹೇಳು ಎಂದೆ. ರಾತ್ರಿ ಹೊತ್ತು ಮನೆ ಬಿಡಬೇಕಾಗಿ ಬಂದರೆ ಮರಿಯನ್ನು ಎತ್ತಿಕೊಂಡು ಯಾರ ಮನೆಗೆ ಹೋಗುತ್ತೀ? ಅವಳು ಸುಮ್ಮನಾದಳು. ಈ ಪ್ರಶ್ನೆಗೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆ ಮಧೂರಿನ ಹತ್ತಿರ, ಮಧುವಾಹಿನಿ ಹೊಳೆಯ ಬೈಲಿನಲ್ಲಿ. ಮಧೂರು ದೇವಸ್ಥಾನದ ಅಂಗಳಕ್ಕೆ ಮಳೆಗಾಲದಲ್ಲಿ ಹೊಳೆನೀರು ನುಗ್ಗಿದ ಫೋಟೋ ನೀವು ನೋಡಿರುತ್ತೀರಿ. ದೇವಸ್ಥಾನಕ್ಕೆ ನೀರು ಬಂತು ಎಂದರೆ ನಮ್ಮ ಅಡಿಕೆ ತೋಟದ ಕೆಳಗಿನ ಪಾಲು ಮುಳುಗಿ ಆಗಿರುತ್ತದೆ. ಅಂಗಳಕ್ಕೆ ಬರುವುದು ಅಪರೂಪ, ಆದರೆ ಬಂದದ್ದುಂಟು. ಮನೆಯಲ್ಲಿ ನಾನು, ಇವರು, ನಮ್ಮ ಅತ್ತೆ. ನಮ್ಮ ಜೊತೆ ಕರಿಯ ಎಂಬ ನಾಟಿ ನಾಯಿ, ಬೊಳ್ಳಿ ಎಂಬ ಬೆಕ್ಕು, ಅವಳ ಬೆಳೆದ ಮಗ ಪುಟ್ಟ, ಹಟ್ಟಿಯಲ್ಲಿ ಒಂದು ಗಿಡ್ಡ ಹಸು ಗಂಗೆ ಮತ್ತು ಅದರ ಕರು.

ಸಾಕುಪ್ರಾಣಿಗಳ ಬಗ್ಗೆ ಯಾರೇ ಬರೆದರೂ ಮೊದಲು ಹೇಳುವುದು ಚೀಲದ ವಿಷಯ. ಅನ್ನ ಇಡಿ, ನೀರು ಇಡಿ, ಮದ್ದು ಇಡಿ. ಅದೆಲ್ಲ ಬೇಕು. ಆದರೆ ನನ್ನ ಮಟ್ಟಿಗೆ ಮೊದಲು ಬೇಕಾದದ್ದು ಜಾಗ. ಬೇಸಿಗೆಯಲ್ಲೇ ಮಾತಾಡಿ ಒಪ್ಪಿಸಿಟ್ಟ, ಎತ್ತರದ, ನಿಮ್ಮ ನಾಯಿಯನ್ನೂ ಬೆಕ್ಕನ್ನೂ ಒಳಗೆ ಸೇರಿಸಿಕೊಳ್ಳುವ ಒಂದು ಮನೆ. ಚೀಲ ಇಲ್ಲದಿದ್ದರೂ ಒಂದು ರಾತ್ರಿ ಹೇಗೋ ಕಳೆಯುತ್ತದೆ. ಜಾಗ ಇಲ್ಲದಿದ್ದರೆ ಜನ ಮನೆಯಿಂದ ಹೊರಡುವುದೇ ಇಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ಬೈಲಿನ ಕೆಳಗಿನ ಮನೆಗೆ ನೀರು ಹೊಕ್ಕಿತು. ಅಲ್ಲಿ ಒಬ್ಬರೇ ಇರುವ ಅಜ್ಜಿಯನ್ನು ಕರೆದುಕೊಂಡು ಬರಲು ದೋಣಿ ಹೋಯಿತು. ಇವರೂ ದೋಣಿಯಲ್ಲಿ ಇದ್ದರು. ಅಜ್ಜಿ ಮೆಟ್ಟಿಲ ಮೇಲೆ ನಿಂತು, "ನಾನು ಬರುವುದಿಲ್ಲ ಮಗಾ, ಬೆಕ್ಕು ಅಟ್ಟದಲ್ಲಿ ಉಂಟು" ಎಂದರು. ಬೆಕ್ಕು ಕರೆದರೆ ಬರುವ ಸ್ಥಿತಿಯಲ್ಲಿ ಇರಲಿಲ್ಲ. ಅಟ್ಟದ ಮೂಲೆಯಲ್ಲಿ, ಒಣ ತೆಂಗಿನಕಾಯಿ ರಾಶಿಯ ಹಿಂದೆ ಅಡಗಿ ಕೂತಿತ್ತು. ಕೈ ಹಾಕಿದವರಿಗೆಲ್ಲ ಪರಚಿತು. ನೀರು ಏರುತ್ತಾ ಇತ್ತು. ಕೊನೆಗೆ ಇವರು ಅಟ್ಟಕ್ಕೆ ಹತ್ತಿ, ಕಂಬಳಿ ಬೀಸಿ ಹಿಡಿದು, ದಿಂಬಿನ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ತಂದರು. ಅಷ್ಟು ಹೊತ್ತು ದೋಣಿ ಅಲ್ಲೇ ಕಾಯಬೇಕಾಯಿತು. ಆಚೆ ಇನ್ನೊಂದು ಮನೆಯವರು ಟಾರ್ಚ್ ಆಡಿಸಿ ಕರೆಯುತ್ತಲೇ ಇದ್ದರು.

ಅಜ್ಜಿಯ ಹಠ ಎಂದು ಯಾರಾದರೂ ಹೇಳಿದರೆ ನನಗೆ ಬೇಸರವಾಗುತ್ತದೆ. ಅವರ ಜೊತೆ ದಿನಾ ಮಾತಾಡುವ ಜೀವ ಅದೊಂದೇ. ಬಿಟ್ಟು ಬನ್ನಿ ಎಂದು ಹೇಳುವುದು ಸುಲಭ, ಅಲ್ವಾ?

2018ರ ಆಗಸ್ಟಿನ ಕೇರಳದ ಮಹಾನೆರೆಯಲ್ಲಿ ತ್ರಿಶ್ಶೂರಿನ ಮಹಿಳೆಯೊಬ್ಬರು ತಮ್ಮ 25 ನಾಯಿಗಳನ್ನು ಬಿಟ್ಟು ಬರಲು ಒಪ್ಪಲಿಲ್ಲ. ನಾಯಿಗಳನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ ಎಂದ ರಕ್ಷಣಾ ತಂಡವನ್ನು ಹಾಗೆಯೇ ಕಳಿಸಿಬಿಟ್ಟರು. ಆಮೇಲೆ ಪ್ರಾಣಿಗಳಿಗಾಗಿ ಕೆಲಸ ಮಾಡುವವರು ಹೋಗಿ ನೋಡಿದಾಗ ಮನೆಯೊಳಗೆ ನೀರು ತುಂಬುತ್ತಿತ್ತು, ನಾಯಿಗಳೆಲ್ಲ ಮಂಚದ ಮೇಲೆ ಒತ್ತಾಗಿ ನಿಂತಿದ್ದವು. ಎಲ್ಲವನ್ನೂ ಕಾಪಾಡಿದರು. ಅಮೆರಿಕದಲ್ಲೂ 2005ರಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಬಸ್ಸುಗಳಿಗೂ ಶಿಬಿರಗಳಿಗೂ ನಾಯಿ ಬೆಕ್ಕುಗಳನ್ನು ಸೇರಿಸಲಿಲ್ಲ. ಪ್ರಾಣಿಗಳಿಗೋಸ್ಕರ ಎಷ್ಟೋ ಜನ ಮನೆಯಲ್ಲೇ ಉಳಿದರು. ಮರುವರ್ಷ, 2006ರಲ್ಲಿ, ಅಲ್ಲಿ ಒಂದು ಕಾನೂನೇ ಬಂತು. ಜನರನ್ನು ಸ್ಥಳಾಂತರ ಮಾಡುವ ಯೋಜನೆಯಲ್ಲಿ ಅವರ ಸಾಕುಪ್ರಾಣಿಗಳೂ ಸೇರಿರಬೇಕು ಎಂದು. ಅಜ್ಜಿಯ ಬೆಕ್ಕಿಗೆ ಮೊದಲೇ ಒಂದು ಜಾಗ, ಒಂದು ಬುಟ್ಟಿ ಇದ್ದಿದ್ದರೆ ಆ ದೋಣಿ ಅಷ್ಟು ಹೊತ್ತು ನಿಲ್ಲಬೇಕಿರಲಿಲ್ಲ.

ನಮ್ಮ ಜಾಗ ಗುಡ್ಡೆಯ ಮೇಲಿರುವ ಭಾವನ ಮನೆ. ಸಂಬಂಧದಲ್ಲಿ ದೂರ, ಮನಸ್ಸಿಗೆ ಹತ್ತಿರ. ಏಪ್ರಿಲಿನಲ್ಲೇ ಹೋಗಿ ಕೇಳಿದೆವು: "ಭಾವ, ನೀರು ಬಂದರೆ ನಾವು ಐದು ಪ್ರಾಣಿ ಕಟ್ಟಿಕೊಂಡು ಬರುತ್ತೇವೆ. ಎಲ್ಲಿ ಬಿಡುವುದು?" ಅವರು ತಿರುಗಾಡಿ ತೋರಿಸಿದರು. ಬೆಕ್ಕುಗಳಿಗೆ ಹಿಂದಿನ ಸಣ್ಣ ಕೋಣೆ, ಕಿಟಕಿಗೆ ಬಲೆ ಇದೆ. ಕರಿಯನಿಗೆ ಕಾರಿನ ಶೆಡ್ಡು. ಗಂಗೆಗೆ ಅವರ ಹಟ್ಟಿಯಲ್ಲೇ ಒಂದು ಗೂಟ. ಹೀಗೆ ಇಂಥ ಕೋಣೆ, ಇಂಥ ಮೂಲೆ ಎಂದು ನಿಂತು ನೋಡಿ ನಿಶ್ಚಯ ಮಾಡಬೇಕು. "ಬನ್ನಿ, ಏನಾದರೂ ಮಾಡುವ" ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ ಅವರದೇ ಒಂದು ನಾಯಿ ಇದೆ. ಎರಡನ್ನೂ ಮೊದಲು ಗೇಟಿನ ಹೊರಗೆ, ಯಾರದೂ ಅಲ್ಲದ ಜಾಗದಲ್ಲಿ, ಬಳ್ಳಿ ಹಿಡಿದು ಒಟ್ಟಿಗೆ ನಡೆಸಿದೆವು. ಆಮೇಲೆ ಒಳಗೆ. ಈಗ ಗುರ್ ಎನ್ನುವುದೂ ಕಡಿಮೆ.

ಗುಡ್ಡೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಗುಡ್ಡೆ ಜರಿದದ್ದು ಯಾರಿಗೂ ಮರೆತಿಲ್ಲ. ನಮ್ಮ ಜಿಲ್ಲೆಯಲ್ಲೂ ಹೆದ್ದಾರಿಗಾಗಿ ಗುಡ್ಡೆ ಕಡಿದ ಕಡೆ ಮಣ್ಣು ಜರಿದದ್ದನ್ನು ಕಂಡಿದ್ದೇವೆ. ಭಾವನ ಮನೆಯ ಹಿಂದೆ ಕಡಿದ ಗೋಡೆ ಇದೆಯೇ, ಬಿರುಕು ಇದೆಯೇ, ಇಲ್ಲದ ಕಡೆ ಹೊಸದಾಗಿ ಕೆಸರು ನೀರು ಒಸರುತ್ತಿದೆಯೇ ಎಂದು ಇವರು ಸುತ್ತ ನಡೆದು ನೋಡಿದರು. ನೀವೂ ನೋಡಿ.

ಇನ್ನು ಹೊರಡುವ ಹೊತ್ತಿನ ಮಾತು. ಮಳೆಯ ಎಚ್ಚರಿಕೆ ಫೋನಿಗೆ ಬರುತ್ತದೆ. ಹೆಚ್ಚಾಗಿ ಮಲಯಾಳದಲ್ಲಿ. ಅತ್ತೆಗೆ ಮಲಯಾಳ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಬಣ್ಣ ನೋಡಿ ಕೆಲಸ ಮಾಡುವುದನ್ನು ಮನೆಯಲ್ಲಿ ರೂಢಿ ಮಾಡಿದೆವು. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಮಳೆ ಬರಬಹುದು ಎಂದರೆ ಹಳದಿ. 204.4ರವರೆಗೆ ಎಂದರೆ ಕಿತ್ತಳೆ. ಅದಕ್ಕೂ ಜಾಸ್ತಿ ಎಂದರೆ ಕೆಂಪು. ಹಳದಿ ಬಂದರೆ ಚೀಲ ಬಾಗಿಲ ಬಳಿಗೆ ಬರುತ್ತದೆ. ಕಿತ್ತಳೆ ಬಂದರೆ ಬೆಕ್ಕುಗಳು ಹಗಲಲ್ಲೇ ಉಗ್ರಾಣದ ಒಳಗೆ, ಬಾಗಿಲು ಭದ್ರ. ಕೆಂಪು ಬಂದರೆ ಕತ್ತಲಾಗುವ ಮೊದಲು ಪ್ರಾಣಿಗಳೆಲ್ಲ ಭಾವನ ಮನೆಗೆ. ನೀರು ಬರದೇ ಹೋದರೆ ಮರುದಿನ ವಾಪಸ್ ಕರೆತಂದರೆ ಆಯಿತು, ನಷ್ಟವೇನು? ಆದರೆ ಬಣ್ಣ ಒಂದನ್ನೇ ನೋಡಬಾರದು. ಮೇಲಿನ ಊರಲ್ಲಿ ಸುರಿದ ಮಳೆ ಕೆಳಗಿನ ಬೈಲಿಗೆ ತಡವಾಗಿ ಬರುತ್ತದೆ. ನಮ್ಮಲ್ಲಿ ಬಿಸಿಲು ಇದ್ದಾಗಲೂ ತೋಡು ಉಕ್ಕಿದ್ದುಂಟು. ಅತ್ತೆ ತೋಡು ದಾಟುವ ಸಂಕದ ಕಲ್ಲನ್ನು ನೋಡುತ್ತಾರೆ. ಆ ಕಲ್ಲು ಕಾಣದಾದರೆ ಫೋನಿನಲ್ಲಿ ಯಾವ ಬಣ್ಣ ಇದ್ದರೂ ನಾವು ಹೊರಡುತ್ತೇವೆ.

ಬೆಕ್ಕಿನ ವಿಷಯಕ್ಕೆ ಬರುತ್ತೇನೆ. ನಾಯಿಗಿಂತ ಬೆಕ್ಕಿನದ್ದೇ ಕಷ್ಟ. ಹೆದರಿದ ನಾಯಿ ನಮ್ಮ ಹತ್ತಿರ ಬರುತ್ತದೆ, ಹೆದರಿದ ಬೆಕ್ಕು ನಮ್ಮಿಂದ ದೂರ ಓಡುತ್ತದೆ. ಬುಟ್ಟಿಯನ್ನು ಅಟ್ಟದಲ್ಲಿಟ್ಟು, ಆಸ್ಪತ್ರೆಗೆ ಹೋಗುವಾಗ ಮಾತ್ರ ಇಳಿಸಿದರೆ, ಅದನ್ನು ಕಂಡ ಕೂಡಲೇ ಬೆಕ್ಕು ಪರಾರಿ. ನಮ್ಮ ಬುಟ್ಟಿ ಎರಡು ಪ್ಲಾಸ್ಟಿಕ್ ತರಕಾರಿ ಟ್ರೇಗಳು. ಒಂದರ ಮೇಲೆ ಒಂದು ಕವುಚಿ, ಒಂದು ಬದಿಯನ್ನು ಹಗ್ಗದಿಂದ ಹೊಲಿದದ್ದು. ಇನ್ನೊಂದು ಬದಿಗೆ ಕೊಕ್ಕೆ. ಇಡೀ ವರ್ಷ ಜಗಲಿಯ ಮೂಲೆಯಲ್ಲಿ ತೆರೆದೇ ಇರುತ್ತದೆ. ಒಳಗೆ ನನ್ನ ಹಳೆಯ ಸೀರೆ. ಆಗಾಗ ಮೀನಿನ ತಲೆಯನ್ನು ಅದರೊಳಗೇ ಹಾಕುತ್ತೇನೆ. ಬೊಳ್ಳಿ ಈಗ ಮಧ್ಯಾಹ್ನದ ನಿದ್ದೆ ಮಾಡುವುದೇ ಅಲ್ಲಿ. ಪುಟ್ಟನಿಗೆ ಬೇರೆಯೇ ಒಂದು ಬುಟ್ಟಿ ಇದೆ. ತಾಯಿ ಮಗ ಎಂದು ಒಂದರಲ್ಲೇ ತುಂಬಿದರೆ ಹೆದರಿಕೆಯಲ್ಲಿ ಒಂದನ್ನೊಂದು ಕಚ್ಚುತ್ತವೆ. ಹೊತ್ತುಕೊಂಡು ಹೋಗುವಾಗ ಮೇಲೆ ಒಂದು ಬಟ್ಟೆ ಮುಚ್ಚಿ. ಹೊರಗೆ ಕಾಣದಿದ್ದರೆ ಬೆಕ್ಕು ಬೇಗ ಶಾಂತವಾಗುತ್ತದೆ.

ಕರಿಯನಿಗೆ ಗುಡುಗು ಎಂದರೆ ಪ್ರಾಣಭಯ. ತುಲಾ ತಿಂಗಳ ಸಂಜೆ ಗುಡುಗಿಗೆ ಮಂಚದ ಅಡಿ ಸೇರುತ್ತಾನೆ. ಅಂಥವನನ್ನು ದೋಣಿಗೆ ಹತ್ತಿಸುವುದು ಹೇಗೆ? ಕುತ್ತಿಗೆಯ ಬೆಲ್ಟ್ ಸಾಲದು. ಹಿಂದಕ್ಕೆ ಜಗ್ಗಿದರೆ ತಲೆ ನುಸುಳಿ ಹೋಗುತ್ತದೆ. ಎದೆಗೆ ಸುತ್ತಿ ಕಟ್ಟುವ ಬೆಲ್ಟ್ ತಂದೆವು. ಬೆನ್ನ ಮೇಲೆ ಹಿಡಿ ಇದೆ, ಎತ್ತಲು ಸುಲಭ. ದೋಣಿಯಲ್ಲಿ ನಾಯಿಯನ್ನು ಹಿಡಿದುಕೊಳ್ಳಬೇಕು, ದೋಣಿಗೆ ಕಟ್ಟಬಾರದು. ದೋಣಿ ಮಗುಚಿದರೆ ಅದಕ್ಕೆ ಈಜಲೂ ಆಗದು. ಎಷ್ಟೇ ಸಾಧು ನಾಯಿಯಾದರೂ ಹೆದರಿದಾಗ, ನೋವಾದಾಗ ಕಚ್ಚಬಹುದು. ಹಾಗಾಗಿ ಮೂತಿಗೆ ಸುತ್ತಲು ಒಂದು ಉದ್ದನೆಯ ಮೆತ್ತನೆ ಬಟ್ಟೆ ಚೀಲದಲ್ಲಿರಲಿ. ಎತ್ತಿ ಹತ್ತಿಸುವಷ್ಟು ಹೊತ್ತಿಗೆ ಮಾತ್ರ. ಏದುಸಿರು ಬಿಡುವ, ವಾಂತಿ ಮಾಡುವ ನಾಯಿಗೆ ಅದನ್ನು ಕಟ್ಟಲೇಬೇಡಿ.

ಸರಪಳಿ. ಇದನ್ನು ದೊಡ್ಡ ದನಿಯಲ್ಲಿ ಹೇಳಬೇಕಾಗಿದೆ. 2018ರ ನೆರೆಯಲ್ಲಿ ನಾಯಿ, ದನಗಳು ಕಟ್ಟಿದಲ್ಲೇ ಮುಳುಗಿ ಸತ್ತವು. ನಾಯಿಗೆ ಈಜು ಬರುತ್ತದೆ, ದನಕ್ಕೂ ಬರುತ್ತದೆ. ಸರಪಳಿಯ ಉದ್ದಕ್ಕಿಂತ ಮೇಲೆ ನೀರು ಬಂದರೆ ಈಜು ಏನು ಮಾಡೀತು? ಯಾವ ಕಾರಣಕ್ಕೂ ಜೊತೆಗೆ ಕರೆದೊಯ್ಯಲು ಆಗಲೇ ಇಲ್ಲ ಎಂದಾದರೆ ಬಿಚ್ಚಿ ಹೋಗಿ. ಹಟ್ಟಿಯ ಬಾಗಿಲು ತೆಗೆದು ಹೋಗಿ. ಕೋಳಿಗೂಡಿನ ಬಾಗಿಲನ್ನೂ ತೆಗೆಯಿರಿ. ಉಪ್ಪರಿಗೆ ಇದ್ದರೆ ನಾಯಿಯನ್ನು ಅಲ್ಲಿ ಬಿಟ್ಟು, ಮಗುಚದ ಹಾಗಿರುವ ಪಾತ್ರೆಗಳಲ್ಲಿ ನೀರು ತುಂಬಿಸಿ, ಬಾಗಿಲ ಮೇಲೆ "ಒಳಗೆ ನಾಯಿ ಇದೆ" ಎಂದು ಫೋನ್ ನಂಬರ್ ಸಹಿತ ಬರೆದಿಡಿ. ಹಟ್ಟಿಯ ಕಂಬಕ್ಕೆ ನಾವು ಒಂದು ಕತ್ತಿ ಸಿಕ್ಕಿಸಿ ಇಟ್ಟಿದ್ದೇವೆ. ನೀರಲ್ಲಿ ನೆನೆದ ಹಗ್ಗದ ಗಂಟನ್ನು ಕತ್ತಲಲ್ಲಿ ಬಿಚ್ಚಲು ಆಗುವುದಿಲ್ಲ, ಕಡಿಯಬೇಕು. ಕಾರಣವಿಲ್ಲದೆ ಪ್ರಾಣಿಯನ್ನು ತೊರೆದು ಹೋಗುವುದು, ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾನೂನಿನಂತೆ ಅಪರಾಧವೂ ಹೌದು.

ಈಗ ನಾದಿನಿ ಕೇಳಿದ ಚೀಲ. ದೊಡ್ಡದೇನಲ್ಲ, ಅಕ್ಕಿ ಬರುವ ಪ್ಲಾಸ್ಟಿಕ್ ಚೀಲದಷ್ಟೇ. ಒಂದು ವಾರಕ್ಕೆ ಆಗುವಷ್ಟು ಒಣ ಆಹಾರ, ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ. ಕರಿಯ ದಿನಾ ತಿನ್ನುವುದು ಅನ್ನ, ಮತ್ತಿ ಮೀನು. ಆದರೆ ನೆರೆಯಲ್ಲಿ ಬೇಯಿಸುವವರು ಯಾರು? ಅದಕ್ಕೇ ತಿಂಗಳಲ್ಲಿ ಕೆಲವು ಹೊತ್ತು ಆ ಒಣ ಆಹಾರವನ್ನೇ ಕೊಟ್ಟು ರೂಢಿ ಮಾಡಿಸಿದ್ದೇನೆ. ಹಠಾತ್ತಾಗಿ ಬದಲಿಸಿದರೆ ಹೊಟ್ಟೆ ಕೆಡುತ್ತದೆ. ನೀರು ಇಪ್ಪತ್ತು ಕಿಲೋ ತೂಗುವ ನಾಯಿಗೆ ದಿನಕ್ಕೆ ಒಂದು ಲೀಟರಿಗಿಂತ ಕಡಿಮೆಯಾಗಬಾರದು. ಸುತ್ತ ಎಲ್ಲ ನೀರೇ ಇದ್ದರೂ ಆ ನೀರು ಕುಡಿಸುವ ಹಾಗಿಲ್ಲ. ಬೆಕ್ಕಿನ ಮಲಕ್ಕೆ ಒಂದು ತಗ್ಗು ಬೇಸಿನ್, ಜೊತೆಗೆ ಮರದ ಹುಡಿ. ಹಳೆಯ ಪೇಪರ್, ಟವೆಲ್, ಕೈಗವಸು, ಪೊವಿಡೋನ್ ಅಯೋಡಿನ್, ಬ್ಯಾಂಡೇಜ್ ಬಟ್ಟೆ. ಮನುಷ್ಯರ ಮಾತ್ರೆಯನ್ನು ಮಾತ್ರ ಕೊಡಬೇಡಿ. ಬೆಕ್ಕಿಗೆ ಪ್ಯಾರಸಿಟಮಾಲ್ ವಿಷ, ಒಂದು ಮಾತ್ರೆಯೂ ಪ್ರಾಣ ತೆಗೆಯಬಹುದು. ನಾಯಿಗೆ ಐಬುಪ್ರೊಫೆನ್ ಆಗದು.

ಕಾಗದಪತ್ರ ಎಂದರೆ ಹುಚ್ಚುನಾಯಿ ರೋಗದ ಲಸಿಕೆಯ ಕಾರ್ಡು ಮುಖ್ಯ. ಯಾರದೋ ಮನೆಯಲ್ಲಿ, ಯಾವುದೋ ಶಾಲೆಯಲ್ಲಿ ನಾಯಿಯನ್ನು ಸೇರಿಸಿಕೊಳ್ಳಿ ಎಂದು ಕೇಳುವಾಗ ಎದುರಿನವರ ಮೊದಲ ಹೆದರಿಕೆ ಅದೇ. ಕಾರ್ಡು ತೋರಿಸಿದರೆ ಅರ್ಧ ಮಾತು ಮುಗಿಯುತ್ತದೆ. ಅದರ ಫೋಟೋ ಫೋನಿನಲ್ಲೂ ಇರಲಿ. ನೀವು ಮತ್ತು ನಾಯಿ ಒಟ್ಟಿಗೆ ಇರುವ ಒಂದು ಫೋಟೋವೂ ಇರಲಿ. ತಪ್ಪಿಸಿಕೊಂಡು ಸಿಕ್ಕಿದರೆ ಇದು ನಮ್ಮದೇ ಎಂದು ಹೇಳಲು ಬೇಕಾಗುತ್ತದೆ. ಬೆಲ್ಟಿನ ಮೇಲೆ ನೀರಿಗೆ ಹೋಗದ ಶಾಯಿಯಲ್ಲಿ ಫೋನ್ ನಂಬರ್ ಬರೆಯಿರಿ, ಸಾಧ್ಯವಾದರೆ ಎರಡು. ಒಂದು ನಿಮ್ಮದು, ಇನ್ನೊಂದು ನೆರೆ ಮುಟ್ಟದ ಊರಿನಲ್ಲಿ ಇರುವವರದು. ಮೈಕ್ರೋಚಿಪ್ ಹಾಕಿಸಿದರೆ ಒಳ್ಳೆಯದೇ. ಆದರೆ ಅದು ನಾಯಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಅದರಲ್ಲಿರುವುದು 15 ಅಂಕಿಯ ಒಂದು ನಂಬರ್, ಯಂತ್ರ ಹಿಡಿದು ಓದಿದರೆ ಮಾತ್ರ ಸಿಗುತ್ತದೆ.

ಇಲಿಜ್ವರದ ಬಗ್ಗೆ ಹೇಳದೆ ಮುಗಿಸಲು ಆಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಮನುಷ್ಯರಿಗೆ ಬರುವ ಅದೇ ರೋಗ ನಾಯಿಗೂ ಬರುತ್ತದೆ. ಇಲಿಯ ಮೂತ್ರ ನಿಂತ ನೀರಿಗೆ ಸೇರಿ, ಕಾಲಿನ ಗಾಯದಿಂದ, ಬಾಯಿಂದ ಒಳಗೆ ಹೋಗುತ್ತದೆ. ನಾಯಿಗೆ ಇದಕ್ಕೆ ಲಸಿಕೆ ಇದೆ. ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಮಳೆ ಶುರುವಾದ ಮೇಲೆ ಓಡಿದರೆ ತಡವಾಗುತ್ತದೆ, ಏಪ್ರಿಲಿನಲ್ಲೇ ಕೊಡಿಸಿ. ನೀರಲ್ಲಿ ಓಡಾಡಿದ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ವಾಂತಿ ಮಾಡಿದರೆ, ಕಣ್ಣು ಹಳದಿಯಾದರೆ ಒಂದು ದಿನವೂ ಕಾಯಬೇಡಿ. ಅದರ ಮೂತ್ರದಿಂದ ನಮಗೂ ಅಂಟುತ್ತದೆ, ತೊಳೆಯುವಾಗ ಕೈಗವಸು ಹಾಕಿ. ಆಸ್ಪತ್ರೆಗೆ ಹೋಗಲು ರಸ್ತೆ ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ. ಅದು ಸಂಚಾರಿ ಪಶುವೈದ್ಯ ಘಟಕದ ನಂಬರ್. ಜಿಲ್ಲೆಯ ತುರ್ತು ಕೇಂದ್ರದ ನಂಬರ್ 1077.

ನೀರು ಇಳಿದ ಮೇಲೆ ನಾಯಿ ಬೆಕ್ಕುಗಳನ್ನು ತಟ್ಟನೆ ಮನೆಗೆ ತರುವುದಿಲ್ಲ. ಮೊದಲು ನಾವು ಹೋಗಿ ಕಟ್ಟಿಗೆ ರಾಶಿ, ಹಟ್ಟಿ, ಸೋಗೆಯ ಅಟ್ಟಿ ಎಲ್ಲ ಕೋಲಿನಿಂದ ತಟ್ಟಿ ನೋಡುತ್ತೇವೆ. ನೆರೆಗೆ ಹಾವುಗಳೂ ಒಣ ಜಾಗ ಹುಡುಕಿ ಬಂದಿರುತ್ತವೆ. ಮೂತಿ ತೂರಿಸುವ ನಾಯಿಗೇ ಮೊದಲ ಕಡಿತ. ಕಡಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು ಮಾಡಬೇಡಿ. ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಮುಗಿಯುವವರೆಗೆ ಪ್ರಾಣಿಗಳಿಗೂ ಕುದಿಸಿ ಆರಿಸಿದ ನೀರೇ.

ಇಷ್ಟೆಲ್ಲ ಮಾಡಿಕೊಳ್ಳಲು ನಮಗೊಬ್ಬ ಭಾವ ಇದ್ದಾರೆ. ಇಲ್ಲದವರು ಏನು ಮಾಡಬೇಕು? ನೆರೆ ಬಂದಾಗ ಶಿಬಿರ ತೆರೆಯುವುದು ಶಾಲೆಗಳಲ್ಲಿ. ಮಕ್ಕಳು, ವಯಸ್ಸಾದವರು, ರೋಗಿಗಳು ಒತ್ತಾಗಿ ಮಲಗುವ ಕೋಣೆಗೆ ನಾಯಿಯನ್ನು ಸೇರಿಸಿ ಎಂದು ನಾನು ಕೇಳುವುದಿಲ್ಲ. ನಾಯಿಗೆ ಹೆದರುವವರು ಇರುತ್ತಾರೆ, ಅವರ ಹೆದರಿಕೆಯೂ ನಿಜ. ಆದರೆ ಹೆಚ್ಚಿನ ಶಾಲೆಗಳಲ್ಲಿ ಒಂದು ಸೈಕಲ್ ಶೆಡ್ಡು, ಹಿಂದಿನ ಜಗಲಿ ಏನಾದರೂ ಇರುತ್ತದೆ. ಅದಕ್ಕೆ ಒಂದು ಟರ್ಪಾಲು ಕಟ್ಟಿ, ಕಂಬಗಳನ್ನು ದೂರ ದೂರ ಹಂಚಿ, ನಾಯಿ ಬೆಕ್ಕು ಇಲ್ಲಿ ಎಂದು ಮೊದಲೇ ನಿಶ್ಚಯ ಮಾಡಿದರೆ ಸಾಕು. ಯಾರು ಸಾಕಿದ್ದಾರೋ ಅವರೇ ಪಕ್ಕದಲ್ಲಿದ್ದು ನೋಡಿಕೊಳ್ಳಲಿ, ಅವರೇ ತೊಳೆಯಲಿ. ಬೈಲಿನ ಯಾವ ಮನೆಯಲ್ಲಿ ಎಷ್ಟು ಪ್ರಾಣಿ ಇದೆ ಎಂಬ ಪಟ್ಟಿಯನ್ನು ನಮ್ಮ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಸೇರಿ ಬರೆಯಲು ಶುರು ಮಾಡಿದ್ದೇವೆ. ಮುಂದಿನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನೂ ಈ ಬೇಡಿಕೆಯನ್ನೂ ವಾರ್ಡ್ ಮೆಂಬರರ ಕೈಗೆ ಕೊಡುತ್ತೇವೆ, ಕನ್ನಡದಲ್ಲಿ ಒಂದು ಪ್ರತಿ, ಮಲಯಾಳದಲ್ಲಿ ಒಂದು.